ಮುಟ್ಟದ ಗಂಟು

4ನೇ ತಾರೀಖು, ಬೆಳಿಗ್ಗೆ 8.10

ಡೆಕ್ ಉಜ್ಜಿ ಬಂದೆ. ಸೊಂಟ ಬಿದ್ದುಹೋಗಿದೆ. ಅಂಗೈಯಲ್ಲಿ ಹೊಸ ಬೊಬ್ಬೆ ಎರಡು, ಹಳೆಯವು ಮೂರು. ಮನೆಯಲ್ಲಿ ಒಂದು ಲೋಟ ತೊಳೆಯದವಳು ಇಲ್ಲಿ ಹಡಗನ್ನೇ ತೊಳೆಯುತ್ತಿದ್ದೇನೆ. ಪಕ್ಕದಲ್ಲಿ ಅವಳು, ದೊಡ್ಡಪ್ಪನ ಮಗಳು, ಗುನುಗುತ್ತ ಉಜ್ಜುತ್ತಿದ್ದಳು. ಗುನುಗುವ ಕೆಲಸವೇ ಅದು?

ನನಗಿಂತ ಹನ್ನೊಂದು ದಿನ ದೊಡ್ಡವಳು. ಆ ಹನ್ನೊಂದು ದಿನಕ್ಕಾಗಿ ಹತ್ತೊಂಬತ್ತು ವರ್ಷದಿಂದ ಅಕ್ಕಾ ಅಕ್ಕಾ ಅನ್ನುತ್ತ ಬಂದಿದ್ದೇನೆ. ಒಂದೇ ಮನೆ, ಒಂದೇ ಶಾಲೆ. ಅವಳಿಗೆ ತೊಂಬತ್ತು ಬಂದರೆ ನನಗೆ ಎಂಬತ್ತೆಂಟು. "ಅವಳನ್ನ ನೋಡಿ ಕಲಿಯೇ" ಅಂತ ಅಮ್ಮ ಎಷ್ಟು ಸಲ ಅಂದಿರಬಹುದು... ಸಮುದ್ರವಿಜ್ಞಾನಕ್ಕೆ ಸೇರಿದ್ದೇ ಅವಳಿಂದ ತಪ್ಪಿಸಿಕೊಳ್ಳಲು. ಒಂದು ವಾರಕ್ಕೆ ಅವಳೂ ಅರ್ಜಿ ಹಾಕಿದಳು.

ಓದಿನ ಭಾಗವಾಗಿ ಈ ಹಾಯಿಹಡಗು, ಇಪ್ಪತ್ತು ವಿದ್ಯಾರ್ಥಿಗಳು, ಮೂರು ತಿಂಗಳು. ಡ್ಯೂಟಿಗೆ ಜೋಡಿ ಮಾಡುವಾಗ ಕ್ಯಾಪ್ಟನ್ ಮೇಡಂ ಪಟ್ಟಿ ನೋಡಿ, "ಓ, ಅಕ್ಕ ತಂಗಿ! ನೀವಿಬ್ರು ಒಟ್ಟಿಗೇ ಇರ್ರಮ್ಮ" ಅಂದುಬಿಟ್ಟರು. ಉಪಕಾರ ಮಾಡಿದ ಹಾಗೆ ನಗು ಬೇರೆ.


6ನೇ ತಾರೀಖು, ಮಧ್ಯಾಹ್ನ 2.00

ಹಗ್ಗದ ತಾತನ ಕ್ಲಾಸು. ನಲವತ್ತು ವರ್ಷ ಹಡಗಿನಲ್ಲೇ ಕಳೆದ ಮುದುಕ. ಬೆರಳುಗಳೂ ಹಗ್ಗದ ಹಾಗೇ ಇವೆ. ಇವತ್ತಿನ ಪಾಠ — ನೀರಿಗೆ ಇಳಿಯುವ, ಕಂಬಕ್ಕೆ ಏರುವ ಯಾವುದನ್ನೇ ಆಗಲಿ, ಒಬ್ಬರು ಕಟ್ಟಬೇಕು, ಇನ್ನೊಬ್ಬರು ಗಂಟಿಗೆ ಕೈ ಹಾಕಿ ಎಳೆದು "ಸರಿಯಿದೆ" ಅನ್ನಬೇಕು. ಅನ್ನುವವರೆಗೆ ಯಾರೂ ಬಿಡಬಾರದು. ಅಭ್ಯಾಸಕ್ಕೆ ಕಟ್ಟಿದ ಗಂಟಿಗೆ ನಾನು ನಿಂತಲ್ಲಿಂದಲೇ "ಸರಿಯಿದೆ" ಅಂದೆ. ಮುದುಕ ಹಾರಿಬಿದ್ದ.

"ಅಲ್ಲಿಂದ್ಲೇ ನೋಡಿ ಹೇಳೋದಾದ್ರೆ ನೀನ್ಯಾಕಮ್ಮ ಬೇಕು? ಕೈ ಹಾಕು. ಎಳಿ. ಕಿತ್ಕೊಂಡು ಬರೋ ಹಾಗೆ ಎಳಿ!"

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ನಕ್ಕಿದ್ದರೆ ಇನ್ನೂ ವಾಸಿ ಇತ್ತು.

ತಪ್ಪಿಗೆ ಕ್ಯಾಪ್ಟನ್ ಪುಸ್ತಕದಲ್ಲಿ ಕೆಂಪು ಗೆರೆ. ಮೂರು ಗೆರೆ ಬಿದ್ದರೆ ಮುಂದಿನ ಬಂದರಿನಲ್ಲಿ ಇಳಿಸಿ ಮನೆಗೆ. ಪರೀಕ್ಷಿಸದೆ "ಸರಿಯಿದೆ" ಅಂದವರಿಗೆ ಗೆರೆಗಿರೆ ಇಲ್ಲ, ನೇರ ಇಳಿಸುವುದೇ. ಅಕ್ಕನಿಗೆ ಆಗಲೇ ಎರಡು. ಒಂದು ಡ್ಯೂಟಿಗೆ ತಡ — ವಾಂತಿ ಮಾಡಿಕೊಳ್ಳುತ್ತಿದ್ದಳು. ಇನ್ನೊಂದು ಥರ್ಮಾಮೀಟರ್ ಒಡೆದದ್ದಕ್ಕೆ. ಆ ಎರಡೂ ದಿನ ನಾನು ಹೊಟ್ಟೆ ತುಂಬ ಉಂಡೆ. ನನ್ನ ಲೆಕ್ಕದಲ್ಲಿ ಇನ್ನೂ ಸೊನ್ನೆ.


9ನೇ ತಾರೀಖು, ಸಂಜೆ 6.40

ಇನ್ನು ಅವಳ ಹತ್ತಿರ ಮಾತಿಲ್ಲ. ಮುಗಿಯಿತು.

ನಮ್ಮ ಸಮುದ್ರವಿಜ್ಞಾನದ ಮೇಷ್ಟ್ರು ನಾನು ಬರೆದ ಸಮುದ್ರದ ನೀರಿನ ಉಷ್ಣತೆಯ ರೀಡಿಂಗ್ ನೋಡಿ ಹುಬ್ಬು ಗಂಟಿಕ್ಕಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು, "ಬಕೆಟ್ ಬಿಸಿಲಲ್ಲಿ ಇಟ್ಬಿಟ್ಟಿದ್ಲು ಸಾರ್, ಅದಕ್ಕೇ ಎರಡು ಡಿಗ್ರಿ ಜಾಸ್ತಿ ಬಂದಿದೆ." ಹದಿನೆಂಟು ಜನರ ಎದುರಿಗೆ. ನಿಜ, ಬಿಸಿಲಲ್ಲೇ ಇಟ್ಟಿದ್ದೆ. ಮೈ ಉರಿದದ್ದೂ ಅದಕ್ಕೇ.

ಕೆಳಗೆ ಮಲಗುವ ಕೋಣೆಯಲ್ಲಿ ಅವಳನ್ನು ಹಿಡಿದುಕೊಂಡೆ. "ನನ್ನ ಬಕೆಟ್ ಕಾಯೋ ಬದ್ಲು ನಿನ್ನ ಗೆರೆ ಎಣಿಸ್ಕೋ."

"ಎಣಿಸ್ತಾನೇ ಇದೀನಿ ಕಣೆ. ಇನ್ನೊಂದು ಬಿದ್ರೆ ಅಪ್ಪ ಓದು ಬಿಡಿಸಿ ಅಂಗಡೀಲಿ ಕೂರಿಸ್ತಾರೆ. ನಿಂಗೆ ಗೊತ್ತಿಲ್ವಾ?"

ಗೊತ್ತು. ದೊಡ್ಡಪ್ಪ ಹಾಗಂದದ್ದು ನನ್ನ ಎದುರಿಗೇ. ಒಂದೇ ಒಂದು ದೂರು ಬರಲಿ, ಅಲ್ಲಿಗೆ ಮುಗೀತು ನಿನ್ನ ಓದು, ಅಂತ.

"ಕೂತ್ಕೋ" ಅಂದೆ.


12ನೇ ತಾರೀಖು, ಸಂಜೆ 5.30

ಬಲೆ ಹೋಯಿತು. ಮೇಷ್ಟ್ರ ಬಲೆ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಹಿಡಿಯುವಂಥದ್ದು, ಮಲ್ ಬಟ್ಟೆಗಿಂತ ನವಿರು. ಇದ್ದದ್ದು ಅದೊಂದೇ. ಗಾಳಿ ಜೋರಿತ್ತು. ಅವಳು ಮೊಣಕಾಲೂರಿ ಬಲೆಯ ಬಾಯಿಗಿರುವ ಲೋಹದ ಬಳೆಗೆ ಹಗ್ಗ ಕಟ್ಟಿದಳು, "ಕಟ್ಟಿದೆ" ಅಂದಳು, ರಾಟೆಯ ಕಡೆ ತಿರುಗಿದಳು. ನಾನು "ಸರಿಯಿದೆ" ಅಂದೆ. ಇಳಿಸಿದರು. ಹತ್ತು ನಿಮಿಷದ ಮೇಲೆ ಎಳೆದಾಗ ಹಗ್ಗ ಹಗುರವಾಗಿ ಬಂತು. ತುದಿಯಲ್ಲಿ ನೀರು ಬಿಟ್ಟು ಏನೂ ಇಲ್ಲ.

ಮೇಷ್ಟ್ರು ಬೈಯಲಿಲ್ಲ. ಬರಿ ಹಗ್ಗವನ್ನು ತಾವೇ ಸುತ್ತಿ ಇಟ್ಟರು. ಅವರ ಒಂದೂವರೆ ತಿಂಗಳ ಕೆಲಸ ಅಲ್ಲಿಗೆ ನಿಂತಿತು.

ಕಟ್ಟಿದವಳು ಅವಳು. ಮೂರನೇ ಗೆರೆ. ಇಪ್ಪತ್ತೊಂದಕ್ಕೆ ಮುಂದಿನ ಬಂದರು ಸಿಗುತ್ತದೆ.


14ನೇ ತಾರೀಖು, ಮಧ್ಯಾಹ್ನ 1.15

ಇದನ್ನು ಮೊನ್ನೆಯೇ ಬರೆಯಬೇಕಿತ್ತು. ಕೈ ಬರಲಿಲ್ಲ.

ಮುಟ್ಟಿರಲಿಲ್ಲ.

ಡೆಕ್ಕಿನ ಅಂಚಿನ ಕಂಬಿಗೆ ಒರಗಿ ನಿಂತಿದ್ದೆ, ಮೂರು ಮಾರು ದೂರ. ಗಂಟಿಗೆ ಕೈ ಹಾಕಬೇಕಾದರೆ ಅವಳ ಪಕ್ಕ ಬಗ್ಗಬೇಕಿತ್ತು. ಭುಜಕ್ಕೆ ಭುಜ ತಾಗುತ್ತಿತ್ತು. ಬೇಡ ಅನ್ನಿಸಿತು. ಅಷ್ಟೇ. ಅವಳ ಗಂಟು ಯಾವತ್ತು ತಪ್ಪಿದೆ, ಎಂದೂ ಅಂದುಕೊಂಡೆ — ಅವಳ ಬಗ್ಗೆ ಜನ್ಮದಲ್ಲಿ ಒಂದು ಒಳ್ಳೆಯ ಮಾತು ಅಂದುಕೊಂಡದ್ದು ಅದೇ ಮೊದಲು. ಎಳೆದಿದ್ದರೆ ಸಡಿಲ ಇದ್ದದ್ದು ಗೊತ್ತಾಗುತ್ತಿತ್ತೋ ಏನೋ. ಎಳೆದಿದ್ದರಲ್ಲವೇ ಗೊತ್ತಾಗುವುದು.

ಎಲ್ಲರೂ ರಾಟೆ ಕಡೆ ನೋಡುತ್ತಿದ್ದರು. ಯಾರೂ ಕಂಡಿಲ್ಲ.


16ನೇ ತಾರೀಖು, ಬೆಳಿಗ್ಗೆ 11.00

ಅವಳೇ ಬಂದಳು. ಏಳು ದಿನದ ಮೇಲೆ ಮೊದಲ ಮಾತು. ಕಣ್ಣು ಊದಿಕೊಂಡಿತ್ತು, ಕೈಯಲ್ಲಿ ಹಗ್ಗದ ತುಂಡು.

"ಒಂದು ಕೇಳ್ತೀನಿ, ಹೇಳ್ಬಿಡು. ಎಳೆದಾಗ ಹೇಗಿತ್ತು? ಬಿಗಿ ಇತ್ತಾ?"

"ಬಿಗಿ ಇತ್ತು" ಅಂದೆ. ಬಾಯಿಂದ ತಾನಾಗಿಯೇ ಬಂತು, ಉಗುಳಿನಷ್ಟು ಸಲೀಸಾಗಿ.

"ಅದನ್ನೇ ನಾನೂ ಹೇಳ್ತಿರೋದು. ನಾನು ಕಟ್ಟಿದೀನಿ, ನೀನು ಎಳೆದಿದೀಯ. ಇಬ್ರನ್ನೂ ದಾಟಿ ಹೇಗೆ ಬಿಚ್ಕೊಳುತ್ತೆ? ಹಗ್ಗದಲ್ಲೇ ಏನೋ ಐಬಿದೆ."

ಹೋಗಿ ತಾತನಿಗೆ ಗಂಟುಬಿದ್ದಳು. ತಾತ ಅದೇ ಹಗ್ಗವನ್ನು ಕಂಬಕ್ಕೆ ಕಟ್ಟಿಸಿ ನಾಲ್ಕು ಜನರನ್ನು ಜೋತುಬೀಳಿಸಿದ. ಹಗ್ಗ ಜಗ್ಗಲಿಲ್ಲ. "ಹಗ್ಗ ಗಟ್ಟಿ ಇದೆ ಕಣಮ್ಮ" ಅಂದ. ಎಲ್ಲರೂ ಅವಳನ್ನೇ ನೋಡಿದರು. ನಾನೂ ನೋಡಿದೆ, ಅವರ ಜೊತೆಗೆ.


18ನೇ ತಾರೀಖು, ಮಧ್ಯಾಹ್ನ 3.20

ಕ್ಯಾಪ್ಟನ್ ಮೇಡಂ ಕರೆದು ಕೇಳಿದರು. "ಕೈ ಹಾಕಿ ನೋಡಿದ್ಯಾಮ್ಮ?"

"ಹೂಂ ಮೇಡಂ."

ಬರೆದುಕೊಂಡರು. ಇನ್ನೊಂದು ಪ್ರಶ್ನೆ ಕೇಳಿದ್ದರೆ ಹೇಳಿಬಿಡುತ್ತಿದ್ದೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಬುರುಡೆ.

ಊಟ ಆದ ಮೇಲೆ ಮಲಗಿದ್ದೆ, ಪರದೆ ಎಳೆದುಕೊಂಡು. ಆ ಕಡೆ ಯಾರೋ ಅವಳಿಗೆ, "ನಿನ್ನ ತಂಗಿ ನೋಡ್ದೇನೇ ಸರಿಯಿದೆ ಅಂದಿರಬಹುದಲ್ವಾ? ನಿಮಗೆ ಮಾತೇ ಇಲ್ವಲ್ಲ" ಅಂದಳು.

ಅಕ್ಕ ಆ ಹುಡುಗಿಯ ಮೇಲೆ ಎಗರಿಬಿದ್ದಳು. "ಮಾತಿಲ್ಲ, ನಿಜ. ನನ್ನ ಕಂಡ್ರೆ ಅವಳಿಗೆ ಆಗಲ್ಲ, ಅವಳನ್ನ ಕಂಡ್ರೆ ನನಗೂ ಅಷ್ಟಕ್ಕಷ್ಟೇ. ಹಾಗಂತ ಗಂಟು ಮುಟ್ದೆ ಸರಿ ಅಂತಾಳಾ? ಅಷ್ಟು ಕೆಟ್ಟೋಳಲ್ಲ ಅವಳು. ಇನ್ನೊಂದ್ಸಲ ಅಂದ್ರೆ ನೋಡು."

ಯಾರು ಕೇಳಿದ್ದರು ಇವಳ ಸರ್ಟಿಫಿಕೇಟು? ಬೈಯಬೇಕಿತ್ತು. ನನ್ನ ಮೇಲೆ ಹೇಳಬೇಕಿತ್ತು. ನಾನಾಗಿದ್ದರೆ ಮೊದಲ ದಿನವೇ ಹೇಳಿರುತ್ತಿದ್ದೆ. ಇವಳನ್ನು ಕಂಡರೆ ಇಷ್ಟು ಕೋಪ ನನಗೆ ಯಾವತ್ತೂ ಬಂದಿರಲಿಲ್ಲ. ದಿಂಬು ಕಚ್ಚಿಕೊಂಡು ಅತ್ತೆ. ನಾಚಿಕೆಗೆ ಅತ್ತೆ. ಬರೆದಿಡುತ್ತೇನೆ, ನಾಚಿಕೆಗೇ.


20ನೇ ತಾರೀಖು, ಬೆಳಿಗ್ಗೆ 10.30

ಕ್ಯಾಪ್ಟನ್ ಬಾಗಿಲಿಗೆ ಎರಡು ಸಲ ಹೋದೆ. ಮೊದಲನೇ ಸಲ — "ಏನಮ್ಮ?" "ಬೊಬ್ಬೆಗೆ ಮುಲಾಮು ಇದೆಯಾ ಮೇಡಂ?" ಕೊಟ್ಟರು. ಎರಡನೇ ಸಲ — "ಈಗೇನು?" "ಮುಚ್ಚಳ ಮರೆತಿದ್ದೆ ಮೇಡಂ."

ಹೇಳಿದರೆ ಇಳಿಯುವುದು ನಾನು. ಅವಳ ಮೂರನೇ ಗೆರೆ ಹೋಗುತ್ತದೋ ಇಲ್ಲವೋ, ನಾನಂತೂ ಮನೆಗೆ. ಹೇಳದಿದ್ದರೆ ಅವಳು. ದೊಡ್ಡಪ್ಪ ಆಡಿದ ಮಾತು ಬಿಡುವವರಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಅವಳು ಗಿರಾಕಿಗಳಿಗೆ ಸಾಬೂನು ಎತ್ತಿಕೊಡುತ್ತಾಳೆ. ನಾನು ರಜೆಗೆ ಹೋದಾಗ, "ಬಾರೇ, ಏನೇನು ಕಲಿತೆ, ಹೇಳು" ಅನ್ನುತ್ತಾಳೆ. ಅನ್ನುವವಳೇ ಅವಳು.

ಸಂಜೆಯ ಒಳಗೆ ಹೇಳುತ್ತೇನೆ.


21ನೇ ತಾರೀಖು, ಬೆಳಿಗ್ಗೆ 8.20

ಹೇಳಲಿಲ್ಲ.

ಲಂಗರು ಹಾಕಿದ್ದಾಯಿತು. ಒಂಬತ್ತಕ್ಕೆ ದೋಣಿ. ಅವಳು ಚೀಲ ಕಟ್ಟಿ, ಹಾಸಿಗೆ ಬಟ್ಟೆ ಮಡಚಿ, ಮುಖ ತೊಳೆದು ಕೂತಿದ್ದಾಳೆ. ಈಗಷ್ಟೇ ನನ್ನ ಹತ್ತಿರ ಬಂದು, "ಅಪ್ಪನಿಗೆ ನೀನು ಏನೂ ಹೇಳೋಕ್ಕೆ ಹೋಗ್ಬೇಡ. ನಾನೇ ಹೇಳ್ಕೋತೀನಿ. ನಿನ್ನನ್ನೂ ವಾಪಸ್ ಕರೆಸಿಬಿಟ್ಟಾರು" ಅಂದಳು. ತಲೆ ಆಡಿಸಿದೆ.


8.35

ಕ್ಯಾಪ್ಟನ್ ಕೋಣೆಯ ಬಾಗಿಲು ತೆರೆದಿದೆ. ನಾನು ಕೂತಲ್ಲಿಂದ ಕಾಣುತ್ತದೆ. ಹನ್ನೆರಡು ಹೆಜ್ಜೆ ಇರಬಹುದು. ಅಲ್ಲಿ ಹೋದರೆ ಮತ್ತೆ ಮುಲಾಮನ್ನೇ ಕೇಳುತ್ತೇನೆ, ನನ್ನ ಯೋಗ್ಯತೆ ನನಗೆ ಗೊತ್ತು. ಬರೆಯುವುದರಲ್ಲಿ ಮಾತ್ರ ಶೂರಳು. ಬರೆಯುತ್ತ ಕೂತರೆ ಒಂಬತ್ತಾಗುತ್ತದೆ. ಬೇಕಂತಲೇ ಬರೆಯುತ್ತಿದ್ದೇನೆ, ಅದೂ ಗೊತ್ತು.

ಬಾಯಿ ಬೇಡ. ಈ ಡೈರಿಯನ್ನೇ ಕೊಡುತ್ತೇನೆ. ಹದಿನಾಲ್ಕನೇ ತಾರೀಖಿನ ಪುಟ ತೆರೆದು ಮೇಜಿನ ಮೇಲೆ ಇಟ್ಟು ನಿಲ್ಲುತ್ತೇನೆ. ಹಿಂದೆ ಮುಂದೆ ಏನೇನೋ ಇದೆ. ಅವಳಿಗೆ ಗೆರೆ ಬಿದ್ದ ದಿನ ಹೊಟ್ಟೆ ತುಂಬ ಉಂಡದ್ದೂ ಇದೆ. ಓದಲಿ. ಅವಳೂ ಓದಲಿ.

ದೋಣಿಯ ಇಂಜಿನ್ ಸದ್ದು. ಅವಳು ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದಾಳೆ. ಎದ್ದೆ. ಇನ್ನೊಂದು ಸಾಲು ಬರೆದರೆ ಮತ್ತೆ ಕೂತುಬಿಡ—