ಬಿಟ್ಟು ಓದಿದ ಸಾಲುಗಳು

ಶ್ರೀನಿವಾಸಪುರ
೪-೧೦-೧೯೪೧, ಶನಿವಾರ

ಯಜಮಾನರಿಗೆ ಅನಸೂಯಳ ನಮಸ್ಕಾರ.

ನಾನು, ಎತ್ತುಗಳು, ಹಿತ್ತಲ ಮಾವು ಎಲ್ಲ ಚೆನ್ನಾಗಿದ್ದೇವೆ. ಮೈಸೂರಿನ ಸಾರಿನಲ್ಲಿ ಖಾರವಿಲ್ಲವೆಂದು ನೀವು ಮುಖ ಊದಿಸಿಕೊಂಡಿರುತ್ತೀರಿ, ಗೊತ್ತು.

ಇದನ್ನು ನಿಮಗೆ ಓದಿ ಹೇಳುತ್ತಿರುವವರು ನಿಮ್ಮ ಗುಮಾಸ್ತೆ ಗೌಸ್ ಮೊಹಿದ್ದೀನ್ ಸಾಹೇಬರು. ಗಂಡ ಹೆಂಡಿರ ಮಾತು ಮೂರನೆಯವರ ಬಾಯಿಂದ ಹೇಳಿಸಬೇಕಲ್ಲ ಎಂದು ಎರಡು ದಿನ ಒದ್ದಾಡಿದೆ. ಆದರೆ ಬುಧವಾರ ನೀವು ಪ್ರಜಾಪ್ರತಿನಿಧಿ ಸಭೆಯಲ್ಲಿ ಎದ್ದು ನಿಂತು, ತಾಯಲೂರು ಕೆರೆಯ ತೂಬು ಭದ್ರವಾಗಿದೆ ಎಂದು ಹೇಳಲಿದ್ದೀರಿ. ದಯವಿಟ್ಟು ಹೇಳಬೇಡಿ. ಅದು ಭದ್ರವಾಗಿಲ್ಲ.

ಒಂಬತ್ತನೇ ವಯಸ್ಸಿಗೆ ಸಿಡುಬು ನಿಮ್ಮ ಎರಡೂ ಕಣ್ಣು ತೆಗೆದುಕೊಂಡಿತು. ಹೆಜ್ಜೆ ಸಪ್ಪಳದಿಂದಲೇ ಇಂಥವರ ಮಗನೆಂದು ಗುರುತು ಹಿಡಿಯುವ ನಿಮಗೆ ಎರಡು ತಾಲ್ಲೂಕಿನ ಜನ ಎರಡು ಸಲ ವೋಟು ಹಾಕಿದರು. ಜಗಲಿಯಲ್ಲಿ ಕೂತು ನಾನು ಅರ್ಜಿಯನ್ನು ಒಮ್ಮೆ ಓದಿದರೆ ಸಾಕು, ನೀವು ಸಭೆಯಲ್ಲಿ ಅಕ್ಷರ ಬಿಡದೆ ಒಪ್ಪಿಸುತ್ತೀರಿ. ಬಿಡುತ್ತಿದ್ದವಳು ನಾನು. ನಿಮ್ಮ ಕಣ್ಣಿನ ಬಗ್ಗೆ ಯಾರಾದರೂ ಹಗುರವಾಗಿ ಬರೆದಿದ್ದರೆ ಆ ಸಾಲು ನುಂಗಿಕೊಂಡು ಮುಂದಕ್ಕೆ ಹೋಗುತ್ತಿದ್ದೆ. ನಾಲ್ಕು ವರ್ಷದ ಕಳ್ಳತನ ಇದು. ನಿಮ್ಮ ಮುಖ ಬಾಡುವುದನ್ನು ನೋಡಲಾರೆ. ನಿಮ್ಮ ಮೇಲೆ ನನಗೆ ಅಷ್ಟು ಪ್ರೀತಿ. ಇದನ್ನೂ ಪಾಪ ಗೌಸ್ ಸಾಹೇಬರ ಬಾಯಿಂದಲೇ ಹೇಳಿಸುತ್ತಿದ್ದೇನೆ, ಏನು ಮಾಡಲಿ.

ಹೋದ ತಿಂಗಳು ತಾಯಲೂರಿನ ರೈತ ದೊಡ್ಡನಾರಾಯಣಪ್ಪನವರ ಅರ್ಜಿಯಲ್ಲಿ ಅರ್ಧ ಪುಟ ಹಾರಿಸಿದೆ. ನಿಮ್ಮ ಹೆಸರು ಹಿಡಿದು, ಅವರು ಮಾತಾಡುವ ಹಾಗೆಯೇ ಬರೆದಿದ್ದಾರೆ. ಇಗೋ, ಇದ್ದದ್ದು ಇದ್ದಂತೆ: “ಕೋದಂಡರಾಮಪ್ಪನೋರು ಬಂದು ತೂಬಿನ ಕಲ್ಲು ತಡವಿ, ಗಟ್ಟಿಯಾಗೈತೆ ಅಂತ ಹೇಳಿ ಹೋದ್ರು. ಕೈಗೆ ಸಿಕ್ಕಿದ್ದಷ್ಟೇ ಕೆರೆ ಅನ್ನೋ ಕುರುಡಪ್ಪನಿಗೆ ವೋಟು ಹಾಕಿದ್ದು ನಮ್ ಕರ್ಮ. ಬಿರುಕು ಇರೋದು ಒಳಮಗ್ಗುಲಲ್ಲಿ, ನೀರಿನ ಕೆಳಗೆ. ಬೇಸಿಗೇಲಿ ಕಣ್ಣಾರೆ ನೋಡಿದ್ದೀವಿ. ಈ ಸಲ ಕೆರೆ ತುಂಬಿದ್ರೆ ಕಟ್ಟೆ ಉಳಿಯಲ್ಲ.”

ಕುರುಡಪ್ಪ ಎಂಬ ಮಾತು ಕಂಡದ್ದೇ ಸಿಟ್ಟು ನೆತ್ತಿಗೇರಿತು. ಅದರ ಮುಂದಿನದನ್ನು ನಾನೂ ಓದಲಿಲ್ಲ. ಮೊನ್ನೆ ಅವರೇ ಮನೆಗೆ ಬಂದು, ಏನಮ್ಮಾ, ನಮ್ ಅರ್ಜಿಗೆ ಯಜಮಾನ್ರು ಏನಂದ್ರು ಎಂದು ಕೇಳಿದರು. ಅವರು ಹೋದ ಮೇಲೆ ತೆಗೆದು ಪೂರ್ತಿ ಓದಿದೆ. ಹಿಂಗಾರಿನ ಮೋಡ ಆಗಲೇ ಕಟ್ಟಿದೆ. ಆ ಕಟ್ಟೆಯ ಕೆಳಗೆ ಅರವತ್ತು ಮನೆಗಳಿವೆ.

ತೂಬು ಗಟ್ಟಿ ಎಂದು ಊರಲ್ಲಿ ಹೇಳಿ ಬಂದದ್ದು ತಪ್ಪೆಂದು ಒಪ್ಪಿಕೊಂಡರೆ ಸಭೆಯಲ್ಲಿ ನಗುತ್ತಾರೆ, ಕುರುಡನ ಸಾಕ್ಷಿ ಎನ್ನುತ್ತಾರೆ, ಮುಂದಿನ ಸಲ ನೀವು ಗೆಲ್ಲದೆಯೂ ಹೋಗಬಹುದು. ಆದರೂ ಒಪ್ಪಿಕೊಳ್ಳಿ. ಹೆಂಡತಿ ಸರಿಯಾಗಿ ಓದಲಿಲ್ಲವೆಂದು ನನ್ನ ಹೆಸರನ್ನೇ ಹೇಳಿ. ಆಮೇಲೆ ಮನೆಗೆ ಬಂದು ಹೊಟ್ಟೆ ತುಂಬ ಬೈಯಿರಿ. ಮುದ್ದೆ, ಬಸ್ಸಾರು ಬಡಿಸಿ ಎದುರಿಗೆ ಕೂತು ಕೇಳಿಸಿಕೊಳ್ಳುತ್ತೇನೆ.

ನಿಮ್ಮ
ಅನಸೂಯ

ಇನ್ನೊಂದು ಮಾತು: ಗೌಸ್ ಸಾಹೇಬರೇ, ಇದು ನಿಮಗೆ. ಕಾಗದ ತಂದಿರುವ ಬುಡನ್ ಸಾಬರಿಗೆ ಇದನ್ನೆಲ್ಲ ಮೊದಲೇ ಓದಿ ಹೇಳಿದ್ದೇನೆ. ನೀವು ಒಂದು ಸಾಲು ಹಾರಿಸಿದರೂ ಅವರು ಕೆಮ್ಮುತ್ತಾರೆ. ಪತ್ರಿಕೆಯವರು ಯಜಮಾನರನ್ನು ಹಂಗಿಸಿ ಬರೆದದ್ದನ್ನು ನಾಲ್ಕು ವರ್ಷದಿಂದ ನೀವೂ ಬಿಟ್ಟೇ ಓದುತ್ತಿದ್ದೀರಿ. ಹಾಗೆ ಓದಿ ಎಂದು ನಿಮ್ಮನ್ನು ಕೈಮುಗಿದು ಬೇಡಿಕೊಂಡವಳು ನಾನೇ. ಇವತ್ತಿಗೆ ಆ ಮಾತು ಮುಗಿಯಿತು. ಈ ಸಾಲನ್ನೂ ಯಜಮಾನರಿಗೆ ಕೇಳಿಸುವಂತೆ ಓದಿ.