ಹೆಪ್ಪು ಬೇಡವೆಂದ ಕಾಲೇಜಿಗೆ

ಮಾನ್ಯ ಪ್ರಾಂಶುಪಾಲರೇ,

ಮಕ್ಕಳು ಬರಲಿಲ್ಲವೆಂದು ತಮ್ಮ ಪಿಯು ಕಾಲೇಜಿನ ಕಲಾ ವಿಭಾಗವನ್ನು ಈ ವರ್ಷ ಮುಚ್ಚಿದ್ದೀರಿ. ಬಂದಿದ್ದ ಮಗು ಒಂದು ನಮ್ಮ ಮನೆಯಲ್ಲೇ ಉಂಟು. ಹೆಸರು ಶಾಝಿಯಾ, ನನ್ನ ಮಗಳು. ನಂಬಿಕೆ ಬಾರದಿದ್ದರೆ ಕಳಿಸಿಕೊಡುತ್ತೇನೆ, ಕಣ್ಣಾರೆ ನೋಡಿ.

ನಾನು ಹಳ್ಳಿ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ನಾಲ್ಕೂ ಸೇರಿದರೆ ‘ಹೆಪ್ಸ್’ ಎನ್ನುತ್ತಾರೆಂದು ನನಗೇನು ಗೊತ್ತು? ಕುಲಶೇಖರದಲ್ಲಿರುವ ತನ್ನ ಗೆಳತಿ ಮನ್ವಿತಾಳಿಗೆ ಮಗಳು ಫೋನಿನಲ್ಲಿ, “ನಾನು ಹೆಪ್ಸೇ ಹಾಕುವುದು, ನೀನೂ ಹಾಕು” ಎನ್ನುತ್ತಿದ್ದಳು. ನಾನು ಅಡುಗೆಮನೆಯಿಂದಲೇ, “ಹಾಲು ಇನ್ನೂ ಬಿಸಿ ಉಂಟು ಮಾರಾಯ್ತಿ, ಈಗ ಹೆಪ್ಪು ಹಾಕಬೇಡ!” ಎಂದು ಕೂಗಿದೆ. ಫೋನಿನ ಆ ಕಡೆಯವಳೂ ನಕ್ಕಳು.

ಆ ನಗುವಿನಲ್ಲೇ ತಮ್ಮ ಕಾಲೇಜಿಗೆ ಬಂದೆವು. ದಾಖಲಾತಿಯ ಮೇಜಿನಲ್ಲಿದ್ದ ಉಪನ್ಯಾಸಕರು ಬಹಳ ಪ್ರೀತಿಯಿಂದ ಹೇಳಿದರು: “ಇಷ್ಟು ಒಳ್ಳೆ ಮಾರ್ಕ್ ಉಂಟು, ಆರ್ಟ್ಸ್ ಎಂತಕ್ಕೆ? ನಿಮ್ಮವರಿಗೆ ವ್ಯಾಪಾರ ರಕ್ತದಲ್ಲೇ ಉಂಟಲ್ಲ. ಕಾಮರ್ಸ್ ತಗೊಳ್ಳಲಿ.”

“ರಕ್ತದಲ್ಲೇ ಇದ್ರೆ ಕಾಲೇಜಿಗೆ ಬಂದು ಕಲಿಯುವುದು ಎಂತಕ್ಕೆ ಸರ್? ಇಲ್ಲದ್ದನ್ನು ಕಲಿಸಿ” ಎಂದಳು ಮಗಳು.

“ಬಾಯಿ ಜೋರುಂಟು. ಮನೆಯಲ್ಲಿ ಯೋಚನೆ ಮಾಡಿ ಸೋಮವಾರ ಬನ್ನಿ.”

ಸೋಮವಾರ ಹೋದರೆ, “ಹೆಪ್ಸ್ ಕ್ಯಾನ್ಸಲ್ ಅಮ್ಮ. ಮಕ್ಕಳೇ ಬರಲಿಲ್ಲ.”

ಹೊರಗೆ ಜಗಲಿಯಲ್ಲಿ ಮನ್ವಿತಾ ಮುಖ ಬಾಡಿಸಿಕೊಂಡು ಕೂತಿದ್ದಳು. “ಆಂಟಿ, ಹುಡುಗಿಯರಿಗೆ ಬ್ಯಾಂಕೇ ಸೇಫ್ ಅಂತ ಆ ಸರ್ ಹೇಳಿದ್ರು. ಅಪ್ಪ ಹೂಂ ಅಂದುಬಿಟ್ರು. ನಾನೀಗ ಕಾಮರ್ಸ್.”

ರಕ್ತದ ಮಾತು ತಮ್ಮವರೇ ಎತ್ತಿದ್ದರಿಂದ ಹೇಳುತ್ತೇನೆ. ನನ್ನ ಗಂಡ ಅಯ್ಯೂಬ್ ಅವರಿಗೆ ಪಡೀಲಿನಲ್ಲಿ ಚಪ್ಪಲಿ ಅಂಗಡಿ ಉಂಟು. ಬಾಗಿಲಲ್ಲೇ ನಿಂತು ಗಿರಾಕಿಗಳನ್ನು ಪಕ್ಕದಂಗಡಿಗೆ ಕಳಿಸಿ, ಸಂಜೆ “ವ್ಯಾಪಾರ ಇಲ್ಲ” ಎಂದು ಶಟರ್ ಎಳೆಯುವ ಸೇಲ್ಸ್‌ಮನ್ನನ್ನು ಅವರು ಮರುದಿನ ಇಟ್ಟುಕೊಳ್ಳುವುದಿಲ್ಲ. ತಾವು ಅಂಥವರನ್ನು ಮಾರ್ಗದರ್ಶಕರೆಂದು ಮೇಜು ಹಾಕಿ ಕೂರಿಸುತ್ತೀರಿ. ವಿದ್ಯಾವಂತರ ವ್ಯಾಪಾರವೇ ಬೇರೆ, ಒಪ್ಪಿದೆ.

ನಾನು ದೇವರಿಗೆ ಹೆದರಿ ಬದುಕುವವಳು. ಮನುಷ್ಯರನ್ನು ಬೇರೆ ಬೇರೆ ಜನಾಂಗಗಳಾಗಿ ಮಾಡಿದ್ದು ಒಬ್ಬರನ್ನೊಬ್ಬರು ಅರಿಯಲೆಂದು ಎಂಬ ಮಾತು ಕುರ್‌ಆನಿನಲ್ಲಿದೆ. ಆ ಅರಿವಿಗೆ ಕಾಲೇಜಿನಲ್ಲಿ ಸಮಾಜಶಾಸ್ತ್ರ ಎನ್ನುತ್ತಾರಂತೆ. ಹಾಗಾದರೆ ಈ ಊರಿಗೆ ಅದು ಬೇಡವೇ? “ನಿಮ್ಮವರಿಗೆ” ಎಂದ ಆ ಸರ್ ಕೂಡ ಹಿಂದಿನ ಬೆಂಚಿನಲ್ಲಿ ಕೂತು ಕೇಳಬಹುದು; ನನ್ನ ಮಗಳು ಜಾಗ ಬಿಟ್ಟುಕೊಡುತ್ತಾಳೆ.

ಆದ್ದರಿಂದ ವಿಭಾಗವನ್ನು ಮತ್ತೆ ತೆರೆಯಿರಿ. ಆ ಮೇಜಿನಿಂದ ಹಿಂದಿರುಗಿದ ಪ್ರತಿಯೊಂದು ಮಗುವನ್ನೂ ಕರೆಸಿ, “ನಿನಗೆ ಏನು ಬೇಕು?” ಎಂದು ತಾವೇ ಕೇಳಿ. ಉತ್ತರ ಹೇಳುವವರೆಗೆ ಅಪ್ಪಂದಿರನ್ನು ಜಗಲಿಯಲ್ಲಿ ಕೂರಿಸಿ. ಆಮೇಲೂ ಮಕ್ಕಳು ಕಡಿಮೆಯೇ ಆದರು ಎನ್ನಿ, ಆಗಲಿ. ಹಂಡೆ ಹಾಲಿಗೆ ಹೆಪ್ಪು ಬೇಕಾಗುವುದು ಒಂದೇ ಚಮಚ. ಅದೂ ಬೇಡವೆಂದರೆ ಹಾಲು ಹಾಲಾಗಿಯೇ ಉಳಿಯುವುದಿಲ್ಲ ಸರ್. ಬೆಳಗಾಗುವಾಗ ಹಳಸಿರುತ್ತದೆ.

ಇಂತಿ,
ರಕ್ತದಲ್ಲಿ ವ್ಯಾಪಾರವಿದ್ದೂ ಮಗಳಿಗೊಂದು ಸೀಟು ಕುದುರಿಸಲಾಗದ
ನಬೀಸಾ, ಪಡೀಲ್