ಹುಳದ ಮನೆ ತಂಪು ಮಾಡಿದ್ದು

ಏಪ್ರಿಲ್ 11, ಗುರುವಾರ

ಬೆಳಿಗ್ಗೆ ಸೊಪ್ಪು ಕೊಟ್ಟಾಯ್ತು. ಬ್ಲೀಚಿಂಗ್ ನೀರಲ್ಲಿ ಕಾಲು ಅದ್ದಿ ಒಳಗೆ ಬಾ ಅಂತ ಅವ್ವಂಗೆ ಎಷ್ಟು ಸಲ ಹೇಳೋದು? ಹಂಗೇ ನುಗ್ಗಿದ್ಲು. ಬೈದೆ. ಇನ್ಮೇಲೆ ಹುಳದ ಮನೆಗೆ ನಾನೊಬ್ಳೇ. ಯಾರೂ ಹೊಸಲು ದಾಟಂಗಿಲ್ಲ.

ಹನ್ನೊಂದು ಗಂಟೆಗೇ ಥರ್ಮಾಮೀಟರು ಮೂವತ್ತೈದು. ರೇಷ್ಮೆ ಹುಳಕ್ಕೆ ಇಪ್ಪತ್ತೈದು ಇಪ್ಪತ್ತಾರು ಸಾಕು. ಇದು ಮೊದ್ಲು ಕುರಿ ಕಟ್ತಿದ್ದ ಕೊಟ್ಟಿಗೆ, ಹಿತ್ತಿಲಲ್ಲಿ. ಮೇಲೆ ಸಿಮೆಂಟ್ ಶೀಟು. ಮಧ್ಯಾಹ್ನ ನಿಂತ್ರೆ ನನ್ನ ನೆತ್ತಿನೇ ಸುಡ್ತದೆ. ಉಗುರಷ್ಟಿರೋ ಅವುಕ್ಕೆ ಹೆಂಗಾಗ್ಬೇಡ...

ಇದೊಂದು ಬೆಳೆ ಕೈಗೆ ಹತ್ಬೇಕು. ಕೆಂಪರಾಜಣ್ಣ ಹೇಳೇ ಬಿಟ್ಟವ್ನೆ— "ಗೂಡು ತೆಗ್ದು ತೋರ್ಸು. ತಂಗಿ ಸ್ವಂತ ಕಾಲ್ಮೇಲೆ ನಿಂತವ್ಳೆ ಅಂತ ಊರೋರ ಬಾಯಿ ಮುಚ್ಚುಸ್ತೀನಿ. ಇಲ್ದಿದ್ರೆ ನಿಮ್ಮಾವ ಕರೆಯಾಕ್ ಬಂದಾಗ ಸುಮ್ಕೆ ಒಂಟೋಗು." ಹಲಗೂರಿಗೆ. ಆ ಗಂಡನ ಹತ್ರಕ್ಕೆ. ಅವನು ಹೊಡೆದ ಎಡಗಿವಿ ಇನ್ನೂ ಗುಯ್ ಅಂತದೆ. ಹೋಗಲ್ಲ. ಸತ್ರೂ ಹೋಗಲ್ಲ.

ಏಪ್ರಿಲ್ 13, ಶನಿವಾರ

ಶೀಟಿಗೆ ಸುಣ್ಣ ಬಳಿದೆ. ಅವ್ವ ಏಣಿ ಹಿಡ್ಕೊಂಡು ಕೆಳಗಿಂದ್ಲೇ ನನ್ನ ಹಣೇಬರಾನೆಲ್ಲಾ ಬೈದ್ಲು. "ಹೆಣ್ಣೆಂಗ್ಸು ಮನೆ ಮ್ಯಾಲೆ ಅತ್ತಿದ್ನ ಎಲ್ಲಾರ ಕಂಡಿದ್ದೀಯೇನೆ!" ಬಿದ್ರೆ ಹಿಡಿ ಅಂದೆ. ಸುಣ್ಣದ ಮೇಲೆ ತೆಂಗಿನ ಸೋಗೆ ಹೊದಿಸ್ದೆ.

ಈಗ ಮೂವತ್ಮೂರು. ಇಷ್ಟಕ್ಕೆ ಮೈಯೆಲ್ಲಾ ಸುಣ್ಣ, ಅಂಗೈಯೆಲ್ಲಾ ಬೊಬ್ಬೆ.

ಏಪ್ರಿಲ್ 15, ಸೋಮವಾರ

ಮದ್ದೂರಿಗೆ ಹೋಗಿದ್ದೆ. ಫ್ರಿಜ್ ಅಂಗಡಿ ಹಿಂದೆ ಬಿಸಾಕಿದ್ದ ಥರ್ಮಾಕೋಲ್ ಎಲ್ಲಾ ಚೀಲಕ್ಕೆ ತುಂಬ್ಕೊಂಡು ಬಸ್ಸು ಹತ್ತಿದೆ. ಲಗೇಜ್ ಟಿಕೆಟ್ ತಗೊಳ್ಳಮ್ಮ ಅಂದ ಕಂಡಕ್ಟರು. "ತೂಕ ಹಾಕಪ್ಪ, ನಿನ್ನ ಬ್ಯಾಗೇ ಭಾರ ಅದೆ" ಅಂದೆ. ಬಸ್ಸೆಲ್ಲಾ ನಗ್ತು. ನಾನೂ ನಕ್ಕೆ... ನಕ್ಕು ಎಷ್ಟು ದಿನ ಆಗಿತ್ತೋ.

ಶೀಟಿನ ಕೆಳಗೆ ತಂತಿ ಎಳೆದು ಸಿಗಿಸ್ದೆ. ಅರ್ಧ ಉದುರ್ತು. ಅಣ್ಣ ಕಿಟಕಿ ಆಚೆ ನಿಂತು— "ಛತ್ರದ ಸ್ಟೇಜ್ ಆದಂಗಾಗದೆ ಕಣಮ್ಮಿ. ಉಳುಕ್ಕೇನು ರಿಸೆಪ್ಷನ್ ಮಾಡೀಯಾ?" ಅವನ ಬಾಯಿಗಿಷ್ಟು! ಆದ್ರೂ ಹೋಗೋವಾಗ ಒಂದು ಸುರುಳಿ ತಂತಿ ಕಿಟಕಿ ಮೇಲಿಟ್ಟು ಹೋದ.

ಏಪ್ರಿಲ್ 19, ಶುಕ್ರವಾರ

ಪೊರೆ ಬಿಡೋಕೆ ನಾಲ್ಕನೇ ಜ್ವರಕ್ಕೆ ಕೂತವೆ. ಮೇವು ಮುಟ್ಟಲ್ಲ, ತಲೆ ಎತ್ಕೊಂಡು ಸುಮ್ನೆ. ಪೊರೆ ಬಿಟ್ಟು ಎದ್ರೆ ಇನ್ನೊಂದು ವಾರ ತಿಂದು ಗೂಡು ಕಟ್ತವೆ.

ಕೂಲರ್ ಹಾಕೋಣ ಅಂದ್ರೆ ಕರೆಂಟಿಲ್ಲ. ಕರೆಂಟ್ ಬಂದ್ರೆ ವೋಲ್ಟೇಜಿಲ್ಲ. ಕಿಟಕಿಗೆ ಗೋಣಿ ಕಟ್ಟಿ ಬಿಂದಿಗೆಲಿ ನೀರು ಎರಚ್ತಾ ಇದೀನಿ. ಇತ್ತ ತಿರುಗೋದ್ರೊಳಗೆ ಒಣಗಿರ್ತದೆ. ತೋಳು ಬಿದ್ದೋಗಿದೆ.

ಹಲಗೂರಿಂದ ನಿಂಗಯ್ಯ ಮಾವ ಫೋನ್ ಮಾಡಿದ್ನಂತೆ, ಮುಂದಿನ ಭಾನುವಾರ ಬತ್ತಾನಂತೆ. "ಅಷ್ಟೊತ್ಗೆ ಗೂಡು ಕಟ್ಟಿರ್ತವೆ ಬುಡು" ಅಂದ ಅಣ್ಣ. ಬುಡು ಅಂದ. ಅವನೇ!

ಏಪ್ರಿಲ್ 22, ಸೋಮವಾರ

ಎಲ್ಲಾ ಎದ್ದವೆ. ಏನು ಹಸಿವು! ಸೊಪ್ಪು ಹಾಕಿದ್ದೇ ತಡ, ತಟ್ಟೆ ತುಂಬಾ ಚರಚರ ಸದ್ದು.

ಸಾಯಂಕಾಲ ಸೊಪ್ಪಿನ ಹೊರೆ ಹೊತ್ಕೊಂಡು ಬತ್ತೀನಿ, ಅಣ್ಣ ಬೆನ್ನಿಗೆ ಸ್ಪ್ರೇ ಕ್ಯಾನ್ ಹಾಕ್ಕೊಂಡು ಗೋಣಿಗೆ ಸಣ್ಣಗೆ ನೀರು ಹೊಡೀತಾವ್ನೆ. ಒಳಕ್ಕೆ ಕಾಲಿಟ್ಟಿಲ್ಲ ಪಾಪ, ಕಿಟಕಿಯಿಂದ್ಲೇ. "ಬಿಂದ್ಗೆ ಎತ್ತಿ ಎತ್ತಿ ಸಾಯ್ತೀಯಲ್ಲಮ್ಮಿ. ನೋಡಿಲ್ಲಿ, ಮಂಜ್ ಬಿದ್ದಂಗ್ ಬೀಳ್ತದೆ." ಥರ್ಮಾಮೀಟರು ನೋಡಿದ್ರೆ ಇಪ್ಪತ್ತೆಂಟು. ಇಪ್ಪತ್ತೆಂಟು!

ಅಳು ಬಂತು. ಸೊಪ್ಪು ಕತ್ತರಿಸೋ ನೆಪದಲ್ಲಿ ತಲೆ ಬಗ್ಗಿಸ್ದೆ. ನನ್ನ ಕಡೆಗೂ ಒಬ್ಬ ಅವ್ನೆ ಅನ್ನಿಸ್ತು.

ಏಪ್ರಿಲ್ 23, ಮಂಗಳವಾರ

ಬೆಳಿಗ್ಗೆ ಬಾಗಿಲು ತೆಗೆದ್ರೆ ಸದ್ದೇ ಇಲ್ಲ.

ಕಿಟಕಿ ಪಕ್ಕದ ತಟ್ಟೆಗಳು ಮೊದ್ಲು. ತಲೆ ಅತ್ಲಾಗೆ ಇತ್ಲಾಗೆ ಆಡಿಸ್ತಾ, ಹಸಿರು ನೀರು ಕಕ್ತಾ... ಕೈಗೆ ಸಿಕ್ಕಿದ್ದನ್ನ ಬೇರೆ ತಟ್ಟೆಗೆ ಹಾಕ್ದೆ. ಅಲ್ಲೂ ಅದೇ. ಮಧ್ಯಾಹ್ನದೊಳಗೆ ಆ ಕಡೆ ಗೋಡೆ ಹತ್ರದವೂ ಹೋದ್ವು. ಏನು ಮಾಡ್ಲಿ, ನೋಡ್ತಾ ನಿಂತೆ.

ಬಿಸಿಲಿಗಾದ್ರೆ ಹಿಂಗೆ ಸಾಯಲ್ಲ. ಗೋಣಿ ಮೂಸಿ ನೋಡ್ದೆ. ಔಷಧಿ ವಾಸನೆ. ಹೋದ ವಾರ ಅಣ್ಣ ಬದನೆ ಗಿಡಕ್ಕೆ ಹೊಡೆದಿದ್ದು ಅದೇ ಕ್ಯಾನಲ್ಲಿ. ತೊಳೆದೇ ಇರ್ತಾನೆ, ಚೆನ್ನಾಗೇ ತೊಳೆದಿರ್ತಾನೆ. ರೇಷ್ಮೆ ಹುಳ ಸಾಯೋಕೆ ತೊಳೆದ ಮೇಲೆ ಉಳಿದಿದ್ದೇ ಸಾಕು. ನಿನ್ನೆ ನಾನಾದ್ರೂ ಕೇಳ್ಬಾರ್ದಾಗಿತ್ತಾ? ಖುಷಿಲಿ ಕುರುಡಿ ಆಗಿದ್ದೆ.

ಗೋಣಿ ಬಿಚ್ಚಿ ಸುಟ್ಟೆ. ಯಾಕೆ ಸುಡ್ತೀಯೆ ಅಂದ್ಲು ಅವ್ವ. ಹೇಳ್ಲಿಲ್ಲ.

ಅಣ್ಣ ಜಗಲಿ ಮೇಲೆ ತಲೆ ಹಿಡ್ಕೊಂಡು ಕುಂತವ್ನೆ. "ಆಳಾದ್ ಬಿಸ್ಲು. ನಾನು ಇನ್ನೊಂದ್ ವಾರ ಮುಂಚೆನೇ ನೀರು ಒಡೀಬೇಕಾಗಿತ್ತು ಕಣವ್ವ" ಅಂತಾವ್ನೆ.

ಅಯ್ಯೋ ಶಿವನೇ.

ಏಪ್ರಿಲ್ 25, ಗುರುವಾರ

ಗುಂಡಿಗೆ ಹಾಕಿ ಸುಣ್ಣ ಚೆಲ್ಲಿ ಮುಚ್ಚಿದ್ವಿ. ಗುದ್ದಲಿ ಅವನೇ ಹಿಡಿದ. ಊಟ ಯಾರಿಗೂ ಸೇರ್ಲಿಲ್ಲ.

ಏಪ್ರಿಲ್ 28, ಭಾನುವಾರ, ಹನ್ನೊಂದೂವರೆ

ಮಾವ ಬಂದವ್ನೆ, ಜೊತೆಗಿಬ್ರು ಹಿರೀಕರು. ಅವ್ವ ಕಾಫಿ ಕೊಡ್ತಾವ್ಳೆ. ಸೀರೆ ಬದಲಾಯಿಸ್ತೀನಿ ಅಂತ ಹೇಳಿ ಹುಳದ ಮನೆಲಿ ಬಂದು ಕೂತಿದೀನಿ.

ಬಿಸಿಲಿಗೆ ಸತ್ವು ಅಂತ ಅಣ್ಣ ಹೇಳ್ದ. "ಎಲ್ರ ಮನೇಲೂ ಇದೇ ಬಿಸ್ಲಲ್ವೇನಪ್ಪ? ಅವ್ರವು ಬದುಕವೆ. ನಿನ್ ತಂಗಿ ಕೈಗುಣ ಅಂತದ್ದು. ನಮ್ಮನೇಲಿ ಬಿದ್ದಿರ್ಲಿ ಬುಡು, ಕಳ್ಸು" ಅಂದ ಮಾವ. ಬಸ್ಸು ಎಷ್ಟೊತ್ಗೆ ಅಂತ ಆಗ್ಲೇ ಕೇಳ್ತಾವ್ರೆ.

ಅಣ್ಣ ಬಂದು ಬಾಗಿಲಲ್ಲಿ ನಿಂತ. ಕಣ್ಣು ಕೆಂಪಗಾಗವೆ.

"ಭಾಗ್ಯ, ಯಾಕ್ ಸತ್ವು ಅಂತ ನಿಂಗೆ ಗೊತ್ತದೆ. ಗೋಣಿ ಯಾಕ್ ಸುಟ್ಟೆ ಅಂತ ಈಗ್ ಗೊತ್ತಾಯ್ತು. ಯಾರೋ ಒಟ್ಟೆಕಿಚ್ಚಿಗೆ ಮಾಡವ್ರೆ ಅಲ್ವಾ? ಯೆಸ್ರು ಏಳಮ್ಮಿ. ನಿನ್ ತಪ್ಪಲ್ಲ ಅಂತ ಅವ್ರ ಮುಂದೆನೇ ತೋರ್ಸಿ, ಈಗ್ಲೇ ಎಬ್ಬುಸ್ ಕಳುಸ್ತೀನಿ. ನೀನು ಇಲ್ಲೇ ಇರು. ಮಾಡ್ದೋನ್ನ ಮಾತ್ರ ನಾನು ಸುಮ್ನೆ ಬುಡಕ್ಕಿಲ್ಲ."

ಎರಡು ನಿಮಿಷ ಇರಣ್ಣ ಅಂದೆ.

ಅಲ್ಲೇ ನಿಂತವ್ನೆ. ಬಾಯಿ ಬಿಟ್ರೆ ನಾನು ಉಳೀತೀನಿ, ಅವ್ನು—